ಪರಾಗದ ಅಲರ್ಜಿ ಮತ್ತು ಭಾಷಾ ತರಗತಿ

ಮುಂಗಾರು ಮಳೆಯಾದ ಕೆಲವೇ ವಾರಗಳಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಬಯಲು, ಬೇಲಿಗಳಲ್ಲಿ ಪಾರ್ಥೇನಿಯಂ ಕಳೆಯು ಬಿಳಿಯ ಹೂ ತಳೆಯುತ್ತದೆ. ಮರಾಠಿಯ ‘ಗಾಜರ ಗವತ’ವೂ ನಮ್ಮ ‘ಕಾಂಗ್ರೆಸ್ ಹುಲ್ಲೂ’ ಇದೇ. ಇದರ ಪರಾಗವು ಉಸಿರಿನೊಡನೆ ಒಳಸೇರಿದಾಗ ಕೆಲವು ಮಕ್ಕಳಲ್ಲಿ ಸಾಲುಸೀನು, ಮೂಗುಸೋರಿಕೆ, ಕಣ್ಣುರಿ ತಲೆದೋರುತ್ತವೆ.

ಇದನ್ನು ನೆಗಡಿಯಿಂದ ಬೇರ್ಪಡಿಸಿ ಅರಿಯಬೇಕು. ನೆಗಡಿಯು ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ಇಳಿಯುತ್ತದೆ. ಅಲರ್ಜಿಯು ಹೂವಿನ ಕಾಲವಿಡೀ ಉಳಿಯಬಹುದು. ಅಲರ್ಜಿಯಲ್ಲಿ ಜ್ವರವಿರದು, ಸಿಂಬಳವು ನೀರಿನಂತಿದ್ದು ಕಣ್ಣು, ಮೂಗು ತುರಿಸುತ್ತವೆ. ಇದು ಅಂಟುರೋಗವಲ್ಲ. ಆದ್ದರಿಂದ ಮಗುವನ್ನು ದೂರ ಕೂರಿಸುವುದು ಸಲ್ಲದು.

ಭಾಷಾ ಶಿಕ್ಷಕರು ಇನ್ನೊಂದನ್ನು ಗಮನಿಸಬೇಕು. ಮೂಗು ಕಟ್ಟಿದಾಗ ಅನುನಾಸಿಕಗಳು ಕೆಡುತ್ತವೆ: ‘ಮನೆ’ ಎಂಬುದು ‘ಬದೆ’ಯಂತೆ ಕೇಳಿಸುತ್ತದೆ. ಇದು ಮನೆಮಾತಿನ ಪ್ರಭಾವವೂ ಅಲ್ಲ, ಅಲಕ್ಷ್ಯವೂ ಅಲ್ಲ. ನಿದ್ದೆಗೆಟ್ಟ ಮಗು ಉಕ್ತಲೇಖನದಲ್ಲಿ ತಪ್ಪುವುದೂ ಸಹಜ. ಅಂಥ ದಿನ ಗಟ್ಟಿವಾಚನಕ್ಕೆ ಅಂಕ ನೀಡದೆ, ಮಗು ಚೇತರಿಸಿಕೊಂಡ ಬಳಿಕ ಮತ್ತೊಮ್ಮೆ ಓದಿಸುವುದು ನ್ಯಾಯ.

ತರಗತಿಯಲ್ಲಿ ಅನುಸರಿಸಬೇಕಾದ ಕ್ರಮಗಳು:

1. ಕಳೆ ಬೆಳೆದ ದಿಕ್ಕಿನ ಕಿಟಕಿಯಿಂದ ಮಗುವನ್ನು ದೂರ ಕೂರಿಸುವುದು.
2. ಆಟದ ಅವಧಿಯ ನಂತರ ಕೈ, ಮುಖ ತೊಳೆಸುವುದು, ಕಣ್ಣುಜ್ಜದಂತೆ ತಿಳಿಹೇಳುವುದು.
3. ಕಪ್ಪುಹಲಗೆ, ನೆಲಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು.
4. ಕಳೆಯನ್ನು ಹೂ ಬಿಡುವ ಮೊದಲೇ, ಕೈಗವಸು ಧರಿಸಿದ ಹಿರಿಯರಿಂದ ಕೀಳಿಸುವುದು. ಶ್ರಮದಾನದ ಹೆಸರಿನಲ್ಲಿ ಮಕ್ಕಳನ್ನು ಇದಕ್ಕೆ ತೊಡಗಿಸಬಾರದು.
5. ಶಿಕ್ಷಕರು ತಾವಾಗಿ ಮಾತ್ರೆ ಕೊಡದೆ ಪಾಲಕರಿಗೆ ತಿಳಿಸುವುದು. ಎದೆಯಲ್ಲಿ ಸುಂಯ್‌ಗುಟ್ಟುವ ಸದ್ದು ಅಥವಾ ಉಬ್ಬಸ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.