ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಏಕೆ?



"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ" ಎಂಬ ಗಾದೆಯನ್ನು ನಾವು ಕನ್ನಡ ತರಗತಿಯಲ್ಲಿ ಪ್ರತಿ ವರ್ಷವೂ ಹೇಳಿಕೊಡುತ್ತೇವೆ. ರೋಗ ಒಂದು ಕಡೆ, ಚಿಕಿತ್ಸೆ ಇನ್ನೊಂದು ಕಡೆ ಎಂಬುದು ಅದರ ಅರ್ಥ. ಈ ಗಾದೆಯನ್ನು ನಾವೇ ಪೂರ್ತಿಯಾಗಿ ಕಲಿತದ್ದು ಮಾತ್ರ ಮಸ್ಕತ್ತಿನ ಬಿಸಿಲಿನಲ್ಲಿ, ನಮ್ಮ ಹನ್ನೆರಡು ವರ್ಷದ ಹಳೆಯ ಕಾರಿನಿಂದ. ಆ ಪಾಠವನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ನಡೆದದ್ದೇನು?

ಒಂದು ಬೇಸಿಗೆಯ ಆರಂಭ. ಶಾಲೆ ಬಿಟ್ಟ ಮೇಲೆ ಮಗಳನ್ನು ಕೂರಿಸಿಕೊಂಡು ಮನೆಗೆ ಹೊರಟಿದ್ದೆವು. ಸುಲ್ತಾನ್ ಕಾಬೂಸ್ ರಸ್ತೆಯಲ್ಲಿ ಹೋಗುತ್ತಿದ್ದಂತೆ ಎಂಜಿನ್ ತಟ್ಟನೆ ನಿಂತಿತು. ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ಹಿಂದಿನ ವಾಹನಗಳ ಹಾರ್ನ್ ಕೇಳಿ ಮಗಳು ಅಳತೊಡಗಿದಳು. ಹೇಗೋ ಬಲಬದಿಗೆ ಸರಿದು ನಿಂತೆವು. ಅರ್ಧ ಗಂಟೆಯ ನಂತರ ಕೀಲಿ ತಿರುಗಿಸಿದರೆ ಕಾರು ಏನೂ ಆಗಿಲ್ಲವೆಂಬಂತೆ ಶುರುವಾಯಿತು!

ಗ್ಯಾರೇಜಿನಲ್ಲಿ "ಬ್ಯಾಟರಿ ಹೋಗಿದೆ" ಎಂದರು. 24 ರಿಯಾಲ್ ಕೊಟ್ಟು ಬದಲಾಯಿಸಿದೆವು. ನಾಲ್ಕನೆಯ ದಿನ ಕಾರು ಮತ್ತೆ ನಿಂತಿತು. ಈ ಬಾರಿ ಸ್ಪಾರ್ಕ್ ಪ್ಲಗ್, 18 ರಿಯಾಲ್. ಮತ್ತೆ ನಿಂತಿತು. ಆಮೇಲೆ ಪೆಟ್ರೋಲ್ ಪಂಪ್, ಕೂಲಿ ಸೇರಿ 52 ರಿಯಾಲ್. ಇದಾದ ಮೇಲೆ ಒಂದು ವಾರ ಕಾರು ನಿಲ್ಲಲೇ ಇಲ್ಲ. "ಅಂತೂ ಸರಿಹೋಯಿತು" ಎಂದು ನಿಟ್ಟುಸಿರು ಬಿಟ್ಟೆವು. ಆದರೆ ಆ ವಾರ ಶಾಲೆಗೆ ರಜೆ. ಬೆಳಗ್ಗೆ ಅಂಗಡಿಗೆ ಹೋಗಿಬರುವುದು ಬಿಟ್ಟರೆ ನಾವು ಕಾರನ್ನು ಹೊರಗೆ ತೆಗೆದಿರಲೇ ಇಲ್ಲ. ಶಾಲೆ ತೆರೆದ ಮೊದಲ ಮಧ್ಯಾಹ್ನವೇ ಅದು ಮತ್ತೆ ನಿಂತಿತು. ಅಷ್ಟು ಹೊತ್ತಿಗೆ 94 ರಿಯಾಲ್ ಖರ್ಚಾಗಿತ್ತು. ಎತ್ತಿನ ಜ್ವರ ಹಾಗೆಯೇ ಇತ್ತು, ಮೂರು ಎಮ್ಮೆಗಳಿಗೆ ಬರೆ ಬಿದ್ದಿತ್ತು.

ಎಂಜಿನ್‌ಗೆ ಬೇಕಾದ ಮೂರು

ವಿಜ್ಞಾನದ ತರಗತಿಯಲ್ಲಿ ನೀವು ಕಲಿತಿರುವುದನ್ನು ನೆನಪಿಸಿಕೊಳ್ಳಿ. ಪೆಟ್ರೋಲ್ ಎಂಜಿನ್ ಓಡಲು ಗಾಳಿ, ಪೆಟ್ರೋಲ್ ಮತ್ತು ಕಿಡಿ ಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಸೇರಿದರೆ ಅದು ಸರಿಯಾಗಿ ಉರಿಯುತ್ತದೆ. ಎಷ್ಟು ಪೆಟ್ರೋಲ್ ಸಿಂಪಡಿಸಬೇಕು, ಯಾವ ಕ್ಷಣದಲ್ಲಿ ಕಿಡಿ ಹಾರಿಸಬೇಕು ಎಂಬುದನ್ನು ಕಾರಿನೊಳಗಿನ ಕಂಪ್ಯೂಟರ್ ನಿರ್ಧರಿಸುತ್ತದೆ. ಅದಕ್ಕೆ ಸುದ್ದಿ ಮುಟ್ಟಿಸುವ ಸಣ್ಣ ಸಣ್ಣ ದೂತರೇ ಸೆನ್ಸರ್‌ಗಳು. ಗಾಳಿ, ಪೆಟ್ರೋಲ್, ಕಿಡಿಗಳಲ್ಲಿ ಒಂದು ತಪ್ಪಿದರೂ, ಮುಖ್ಯ ದೂತನೊಬ್ಬ ಸುದ್ದಿ ಕೊಡದಿದ್ದರೂ ಎಂಜಿನ್ ನಿಲ್ಲಬಹುದು. ಆದ್ದರಿಂದ "ಯಾವ ಭಾಗ ಬದಲಾಯಿಸೋಣ?" ಎಂಬುದು ಮೊದಲ ಪ್ರಶ್ನೆಯಲ್ಲ. "ಮೂರರಲ್ಲಿ ಯಾವುದು ತಪ್ಪುತ್ತಿದೆ?" ಎಂಬುದು ಮೊದಲ ಪ್ರಶ್ನೆ.

ಪ್ರಶ್ನಾರ್ಥಕ ಪದಗಳ ಪುಸ್ತಕ

ಕನ್ನಡ ವ್ಯಾಕರಣದಲ್ಲಿ ಪ್ರಶ್ನಾರ್ಥಕ ಪದಗಳನ್ನು ಕಲಿಸುತ್ತೇವಲ್ಲವೇ? ಮಗಳ ಹಳೆಯ ನೋಟ್ ಪುಸ್ತಕದಲ್ಲಿ ಅವನ್ನೇ ಸಾಲಾಗಿ ಬರೆದು ಕಾರಿನಲ್ಲಿಟ್ಟೆವು. ಯಾವಾಗ ನಿಂತಿತು? ಎಲ್ಲಿ? ಎಷ್ಟು ನಿಮಿಷ ಓಡಿದ ಮೇಲೆ? ಹೇಗೆ ನಿಂತಿತು, ತಟ್ಟನೆಯೋ, ಕೆಮ್ಮಿ ಕೆಮ್ಮಿಯೋ? ಎಸಿ ಹಾಕಿತ್ತೇ? ಯಾವ ದೀಪ ಬೆಳಗಿತು? ಎಷ್ಟು ಹೊತ್ತಿಗೆ ಮತ್ತೆ ಶುರುವಾಯಿತು? ಪೆಟ್ರೋಲ್ ಎಷ್ಟಿತ್ತು? ಕಾರು ನಿಂತಾಗಲೆಲ್ಲ, ನಾವು ಸುರಕ್ಷಿತ ಜಾಗ ಸೇರಿದ ಮೇಲೆ, ಮಗಳು ಉತ್ತರ ಬರೆಯುತ್ತಿದ್ದಳು.

ಇಂಥ ಉತ್ತರಗಳು ಏನು ಹೇಳುತ್ತವೆ ಎಂಬುದಕ್ಕೆ ಕೆಲವು ಉದಾಹರಣೆಗಳು:

1. ಸಿಗ್ನಲ್‌ನಲ್ಲಿ ನಿಂತಾಗ, ಅದರಲ್ಲೂ ಎಸಿ ಹಾಕಿದಾಗ ಆಫ್ ಆದರೆ: ಥ್ರಾಟಲ್‌ನಲ್ಲಿ ಮಸಿ ಕಟ್ಟಿರಬಹುದು, ಇಲ್ಲವೇ ಗಾಳಿಯ ರಬ್ಬರ್ ಕೊಳವೆ ಬಿರಿದಿರಬಹುದು. ಇದಕ್ಕೆ ಹಲವು ಬಾರಿ ಶುಚಿ ಮಾಡುವುದೇ ಸಾಕು.

2. ಏರು ಹತ್ತುವಾಗ ಅಥವಾ ವೇಗ ಹೆಚ್ಚಿಸುವಾಗ ಶಕ್ತಿ ಕುಗ್ಗಿ ನಿಂತರೆ: ಪೆಟ್ರೋಲ್ ಪಂಪ್ ಅಥವಾ ಪೆಟ್ರೋಲ್ ಫಿಲ್ಟರ್ ಮೇಲೆ ಅನುಮಾನ ಪಡಬೇಕು. ಪಂಪಿನ ಒತ್ತಡವನ್ನು ಮಾಪಕದಿಂದ ಅಳೆಯಬಹುದು, ಊಹಿಸಬೇಕಾಗಿಲ್ಲ.

3. ಎಂಜಿನ್ ಜೊತೆಗೆ ರೇಡಿಯೋ, ದೀಪ ಎಲ್ಲವೂ ಒಮ್ಮೆಗೇ ಹೋದರೆ: ಬ್ಯಾಟರಿಯ ಸಡಿಲ ಟರ್ಮಿನಲ್, ಅರ್ತ್ ತಂತಿ ಅಥವಾ ಕೀಲಿಯ ಸ್ವಿಚ್ಚನ್ನು ನೋಡಿಸಬೇಕು. ಟರ್ಮಿನಲ್ ಬಿಗಿ ಮಾಡಲು ಖರ್ಚೇ ಇಲ್ಲ.

4. ಬ್ಯಾಟರಿ ದೀಪ ಮೊದಲು ಬೆಳಗಿ, ಬಳಿಕ ಎಲ್ಲವೂ ಮಂಕಾಗಿ ನಿಂತರೆ: ಆಲ್ಟರ್ನೇಟರ್ ಪರೀಕ್ಷಿಸಬೇಕು. ಎಂಜಿನ್ ಆಫ್ ಇದ್ದಾಗ ಒಳ್ಳೆಯ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7ರವರೆಗೆ ಇರಬೇಕು.

5. ಪೆಟ್ರೋಲ್ ತುಂಬಿಸಿದ ತಕ್ಷಣ ಮಾತ್ರ ತೊಂದರೆಯಾದರೆ: ಟ್ಯಾಂಕಿನ ಆವಿಯನ್ನು ಎಂಜಿನ್‌ಗೆ ಬಿಡುವ ವಾಲ್ವ್ ತೆರೆದೇ ಉಳಿದಿರಬಹುದು.

6. ಚೆನ್ನಾಗಿ ಬಿಸಿಯಾದಾಗ ತಟ್ಟನೆ ನಿಂತು, ತಣ್ಣಗಾದ ಮೇಲೆ ಶುರುವಾದರೆ: ಕ್ರ್ಯಾಂಕ್ ಸೆನ್ಸರ್, ಇಗ್ನಿಷನ್ ಕಾಯಿಲ್ ಅಥವಾ ಪಂಪ್.

ನಮ್ಮ ಪುಸ್ತಕದಲ್ಲಿ ಎರಡು ವಾರಕ್ಕೆ ಐದು ಬಾರಿ ನಿಂತ ದಾಖಲೆ ಇತ್ತು. ಐದೂ ಮಧ್ಯಾಹ್ನದಲ್ಲೇ, ಐದೂ ಬಾರಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಓಡಿದ ಮೇಲೆ. ಬೆಳಗ್ಗೆ ಒಮ್ಮೆಯೂ ಇಲ್ಲ. ಮಗಳು ಇನ್ನೊಂದು ಸಾಲು ಬರೆದಿದ್ದಳು: "ಕೀಲಿ ತಿರುಗಿಸಿದಾಗ ಎಂಜಿನ್ ಸುತ್ತುವ ಸದ್ದು ಬರುತ್ತದೆ, ಆದರೆ ಆರ್‌ಪಿಎಂ ಮುಳ್ಳು ಸೊನ್ನೆಯಲ್ಲೇ ಇರುತ್ತದೆ." ಆ ಒಂದು ಸಾಲು ನಮ್ಮ 94 ರಿಯಾಲಿಗಿಂತ ಬೆಲೆಬಾಳುವುದಾಗಿತ್ತು.

ಕಾರಣ ಸಿಕ್ಕಿದ ಬಗೆ

ವಾದಿ ಕಬೀರಿನ ಇನ್ನೊಂದು ಗ್ಯಾರೇಜಿಗೆ ಹೋಗಿ, "ಏನನ್ನೂ ಬದಲಾಯಿಸಬೇಡಿ, ಮೊದಲು ಪರೀಕ್ಷೆ ಮಾಡಿ, ಅದಕ್ಕೆ ಬೇರೆ ಹಣ ಕೊಡುತ್ತೇವೆ" ಎಂದೆವು. ಅಲ್ಲಿಯ ಮಲಯಾಳಿ ಮೆಕ್ಯಾನಿಕ್ ಪುಸ್ತಕವನ್ನು ಓದಿಸಿ ಕೇಳಿ, "ಟೀಚರೇ, ಇಷ್ಟು ಹೇಳಿದರೆ ಅರ್ಧ ಕೆಲಸ ಮುಗಿಯಿತು" ಎಂದು ನಕ್ಕರು. ಡ್ಯಾಶ್‌ಬೋರ್ಡಿನ ಕೆಳಗೆ 16 ಪಿನ್ನುಗಳ ಒಂದು ಕಿಂಡಿ ಇರುತ್ತದೆ. ಅಮೆರಿಕದಲ್ಲಿ ಮಾರುವ ಕಾರುಗಳಿಗೆ 1996ರ ಮಾದರಿಯಿಂದ ಇದು ಕಡ್ಡಾಯವಾಯಿತು. ಅಲ್ಲಿಗೆ ಸ್ಕ್ಯಾನರ್ ಜೋಡಿಸಿದಾಗ ಪಿ 0335 ಎಂಬ ಸಂಕೇತ ಬಂತು. ಅದು ಕ್ರ್ಯಾಂಕ್ ಸೆನ್ಸರಿನ ವಿದ್ಯುತ್ ಮಾರ್ಗದ ದೋಷವನ್ನು ಸೂಚಿಸುತ್ತದೆ.

ಎಂಜಿನ್ ಎಷ್ಟು ವೇಗದಲ್ಲಿ, ಯಾವ ಸ್ಥಾನದಲ್ಲಿ ಸುತ್ತುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವವನು ಈ ದೂತ. ಶಾಖಕ್ಕೆ ಒಳಗಿನ ಸಣ್ಣ ತಂತಿ ಹಿಗ್ಗಿ ಸಂಪರ್ಕ ತಪ್ಪಿದರೆ ಸುದ್ದಿ ನಿಲ್ಲುತ್ತದೆ, ಕಿಡಿಯೂ ಪೆಟ್ರೋಲೂ ನಿಲ್ಲುತ್ತವೆ. ತಣ್ಣಗಾದರೆ ಮತ್ತೆ ಸಂಪರ್ಕ ಬರುತ್ತದೆ. ಆದರೂ ಅವರು ತಕ್ಷಣ ಸೆನ್ಸರ್ ಬದಲಾಯಿಸಲಿಲ್ಲ. "ಸಂಕೇತ ಹೇಳುವುದು ರಸ್ತೆಯ ಹೆಸರು ಮಾತ್ರ, ಮನೆ ನಂಬರ್ ಅಲ್ಲ" ಎಂದು ಮೊದಲು ತಂತಿ ಮತ್ತು ಕನೆಕ್ಟರ್ ನೋಡಿದರು. ಅವು ಸರಿಯಿದ್ದವು. ಬಿಸಿಯಾಗಿ ನಿಂತ ಎಂಜಿನ್‌ನ ಸೆನ್ಸರನ್ನಷ್ಟೇ ತಣಿಸಿದಾಗ ಕಾರು ಕೂಡಲೇ ಶುರುವಾಯಿತು. ಇದೇ ಸಾಕ್ಷಿ! ಪರೀಕ್ಷೆಗೆ 5, ಸೆನ್ಸರ್ ಮತ್ತು ಕೂಲಿಗೆ 18, ಒಟ್ಟು 23 ರಿಯಾಲ್. ಅಂದಿನಿಂದ ಕಾರು ನಿಂತಿಲ್ಲ.

ಹಾಗಾದರೆ ಮೊದಲೇ ಸಂಕೇತ ಏಕೆ ಸಿಗಲಿಲ್ಲ? ಹಿಂದಿನ ಗ್ಯಾರೇಜಿನವರು ಪ್ರತಿ ಬಾರಿಯೂ ಮೊದಲು ಬ್ಯಾಟರಿ ತಂತಿ ಬಿಚ್ಚಿದ್ದರು. ಹಾಗೆ ಮಾಡಿದಾಗ ಅನೇಕ ಕಾರುಗಳಲ್ಲಿ ನೆನಪು ಅಳಿಸಿಹೋಗುತ್ತದೆ. ರೋಗಿಯ ಮಾತು ಕೇಳುವ ಮೊದಲೇ ಬಾಯಿ ಮುಚ್ಚಿಸಿದಂತಾಗಿತ್ತು.

ಪೋಷಕರ ಗಮನಕ್ಕೆ

• ಮೆಕ್ಯಾನಿಕ್‌ಗೆ ನಿಮ್ಮ ಊಹೆ ಹೇಳಬೇಡಿ, ಲಕ್ಷಣ ಹೇಳಿ. "ಪಂಪ್ ಬದಲಾಯಿಸಿ" ಎಂದರೆ ಅವರು ಪಂಪನ್ನೇ ಬದಲಾಯಿಸುತ್ತಾರೆ.
• ಯಾವ ಪರೀಕ್ಷೆಯಿಂದ ಈ ಭಾಗ ಕೆಟ್ಟಿದೆಯೆಂದು ತಿಳಿಯಿತು ಎಂದು ವಿನಯದಿಂದ ಕೇಳಿ. ಹಳೆಯ ಭಾಗವನ್ನು ಮರಳಿ ಪಡೆಯಿರಿ.
• ಖರ್ಚಿಲ್ಲದ ಕೆಲಸ ಮೊದಲು: ಟರ್ಮಿನಲ್, ಧೂಳು ತುಂಬಿದ ಏರ್ ಫಿಲ್ಟರ್, ಬಿರಿದ ಕೊಳವೆ.
• ಒಂದು ಬಾರಿಗೆ ಒಂದೇ ಬದಲಾವಣೆ. ಬಳಿಕ ಕಾರು ಹಿಂದೆ ಯಾವ ಪರಿಸ್ಥಿತಿಯಲ್ಲಿ ನಿಲ್ಲುತ್ತಿತ್ತೋ ಅದೇ ಪರಿಸ್ಥಿತಿಯಲ್ಲಿ ಮೆಕ್ಯಾನಿಕ್ ಜೊತೆ ಓಡಿಸಿ ನೋಡಿ. ನಮ್ಮ ರಜೆಯ ವಾರವನ್ನು ಮರೆಯಬೇಡಿ!
• ಕಾರಿನ ಚಾಸಿ ನಂಬರ್ ಕೊಟ್ಟು, ತಯಾರಕರು ಉಚಿತ ದುರಸ್ತಿ ಘೋಷಿಸಿದ್ದಾರೆಯೇ ಎಂದು ಡೀಲರನ್ನು ವಿಚಾರಿಸಿ. 2020ರಲ್ಲಿ ಟೊಯೋಟಾ ಸಂಸ್ಥೆಯು ಪೆಟ್ರೋಲ್ ಪಂಪ್ ನಿಂತು ಎಂಜಿನ್ ಆಫ್ ಆಗಬಹುದೆಂಬ ಕಾರಣಕ್ಕೆ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಿತ್ತು.

ಪ್ರಾಣ ಮೊದಲು

ಹಣ ಉಳಿಸುವುದೆಂದರೆ ತೊಂದರೆಯನ್ನು ಮುಂದೂಡುವುದಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಕೆಲವು ಕಾರುಗಳಲ್ಲಿ ಕೀಲಿಯ ಸ್ವಿಚ್ ತಾನಾಗಿಯೇ ಜಾರಿ ಎಂಜಿನ್ ನಿಲ್ಲುತ್ತಿತ್ತು, ಆಗ ಏರ್‌ಬ್ಯಾಗ್ ಕೂಡ ಕೆಲಸ ಮಾಡುತ್ತಿರಲಿಲ್ಲ. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಲಾಯಿತು. 124 ಸಾವುಗಳಿಗೆ ಪರಿಹಾರ ನೀಡಲಾಯಿತು. ಭಾರವಾದ ಕೀಲಿಗೊಂಚಲು ಕೂಡ ಆ ಸ್ವಿಚ್ ಜಾರಲು ಒಂದು ಕಾರಣವಾಗುತ್ತಿತ್ತು.

ಚಲಿಸುತ್ತಿರುವಾಗ ಎಂಜಿನ್ ನಿಂತರೆ ಗಾಬರಿಯಾಗದೆ ಅಪಾಯದ ದೀಪ ಹಾಕಿ. ಸ್ಟೀರಿಂಗ್ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಬ್ರೇಕನ್ನು ಪದೇ ಪದೇ ಬಿಟ್ಟು ಒತ್ತದೆ, ಒಂದೇ ಸಮನೆ ಬಲವಾಗಿ ಒತ್ತಿ ರಸ್ತೆಯ ಬದಿಗೆ ಬನ್ನಿ. ಕಾರು ನಿಲ್ಲುವವರೆಗೆ ಕೀಲಿಯನ್ನು ಹೊರಗೆ ತೆಗೆಯಬಾರದು, ಸ್ಟೀರಿಂಗ್ ಲಾಕ್ ಆದೀತು. ನಿಂತ ಮೇಲೆ ಸಂಚಾರದಿಂದ ದೂರದ ಬಾಗಿಲಿನಿಂದ ಇಳಿದು, ತಡೆಗೋಡೆಯ ಆಚೆ ನಿಲ್ಲಿ. ಎಸಿ ಇಲ್ಲದ ಕಾರಿನಲ್ಲಿ ಮಕ್ಕಳನ್ನು ಕೂರಿಸಿಡಬೇಡಿ. ಒಮಾನಿನಲ್ಲಿ ತುರ್ತು ಕರೆಗೆ 9999. ಹೆದ್ದಾರಿಯಲ್ಲಿ ಎರಡನೆಯ ಬಾರಿ ನಿಂತ ಕಾರಿನಲ್ಲಿ, ಕಾರಣ ತಿಳಿಯುವವರೆಗೆ ಮಕ್ಕಳನ್ನು ಕರೆದೊಯ್ಯದಿರುವುದೇ ಲೇಸು. ಪುಸ್ತಕ ತುಂಬಿಸುವ ಆಸೆಯಿಂದ ನಾವು ಎರಡು ವಾರ ಓಡಿಸಿದ್ದು ತಪ್ಪೆಂದು ಈಗ ಅನಿಸುತ್ತದೆ. ಮೊದಲ ದಿನವೇ ಬರೆದಿದ್ದರೆ ಅಷ್ಟು ಕಾಯಬೇಕಾಗಿಯೇ ಇರಲಿಲ್ಲ.

ಅಭ್ಯಾಸ

1. ಕಾರು ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಆಫ್ ಆಗುತ್ತದೆ. ಮೊದಲು ಏನನ್ನು ನೋಡಿಸುವಿರಿ? ಏಕೆ?
2. ಪಂಪ್ ಬದಲಾಯಿಸಿದ ಮೇಲೆ ಒಂದು ವಾರ ಕಾರು ನಿಲ್ಲಲಿಲ್ಲ. ಇದರಿಂದ ಪಂಪ್ ಕೆಟ್ಟಿತ್ತೆಂದು ಹೇಳಬಹುದೇ? ಚರ್ಚಿಸಿ.
3. ಮನೆಯಲ್ಲಿ ಆಗಾಗ ಕೈಕೊಡುವ ಯಾವುದಾದರೂ ಒಂದು ವಸ್ತುವಿನ ಬಗ್ಗೆ ಯಾವಾಗ, ಎಲ್ಲಿ, ಹೇಗೆ, ಎಷ್ಟು ಎಂಬ ಪದಗಳನ್ನು ಬಳಸಿ ಒಂದು ವಾರದ ಟಿಪ್ಪಣಿ ಬರೆಯಿರಿ.

ಮಕ್ಕಳೇ, ಪ್ರಶ್ನೆ ಕೇಳುವುದು ಪರೀಕ್ಷೆಯ ಅಂಕಕ್ಕಾಗಿ ಮಾತ್ರವಲ್ಲ. ಸರಿಯಾದ ಪ್ರಶ್ನೆ ಕೇಳಿ ಉತ್ತರವನ್ನು ಪ್ರಾಮಾಣಿಕವಾಗಿ ಬರೆದಿಟ್ಟರೆ ಅಪ್ಪ ಅಮ್ಮನ ಬೆವರಿನ ದುಡ್ಡು ಉಳಿಯುತ್ತದೆ, ಕೆಲವೊಮ್ಮೆ ಪ್ರಾಣವೂ ಉಳಿಯುತ್ತದೆ. ಇನ್ನು ಮುಂದೆ ಎತ್ತಿಗೆ ಜ್ವರ ಬಂದರೆ ಎತ್ತನ್ನೇ ಮುಟ್ಟಿ ನೋಡೋಣ, ಎಮ್ಮೆ ತನ್ನ ಪಾಡಿಗೆ ಮೇಯುತ್ತಿರಲಿ.