ಪಾಕದ ಹದ, ನೆಲದ ಹದ

ಬೆಲ್ಲವೆಂದರೆ ನಮಗೆ ಕಬ್ಬು, ಆಲೆಮನೆ, ಕೊಪ್ಪರಿಗೆ. ಉತ್ತರ ಅಮೆರಿಕದ ಚಳಿನಾಡಿನಲ್ಲಿಯಾದರೋ ಮರದ ರಸವನ್ನೇ ಕಾಯಿಸಿ ಸಿಹಿಪಾಕ ಮಾಡುವ ಪದ್ಧತಿಯುಂಟು. ಆ ಮರದ ಹೆಸರು ಮೇಪಲ್. ಬಿಳಿಯರು ಹೋಗಿ ನೆಲೆಸುವ ಮೊದಲೇ ಅಲ್ಲಿನ ಮೂಲನಿವಾಸಿಗಳು ಈ ವಿದ್ಯೆಯನ್ನು ಬಲ್ಲವರಾಗಿದ್ದರು. ಇಂದು ಜಗತ್ತಿನ ಮೇಪಲ್ ಪಾಕದಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲು ಕೆನಡಾ ದೇಶದ ಕ್ವೆಬೆಕ್ ಪ್ರಾಂತದ್ದು. ಅಮೆರಿಕ ಸಂಯುಕ್ತ ಸಂಸ್ಥಾನದೊಳಗೆ ಮೊದಲ ಸ್ಥಾನ ವರ್ಮಾಂಟಿನದು. ಅಲ್ಲಿನ ರೈತನು ಪಾಕದ ಒಲೆ ಆರಿಸಿ ಕೈತೋಟಕ್ಕೆ ಇಳಿಯುವ ಕೆಲವು ವಾರಗಳ ವಿಚಾರವನ್ನು ಇಲ್ಲಿ ನೋಡೋಣ.

ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಹಿಮ ಕರಗುವ ಬಿಸಿಲು, ಇವೆರಡೂ ಕೂಡಿದರೆ ರಸ ಚೆನ್ನಾಗಿ ಇಳಿಯುತ್ತದೆ. ಚಳಿಯಲ್ಲಿ ಮರವು ಬೇರಿನಿಂದ ನೀರನ್ನು ಹೀರುತ್ತದೆ. ಬೆಚ್ಚಗಾದಾಗ ಒಳಗಿನ ಒತ್ತಡವು ಕಾಂಡದಲ್ಲಿ ಕೊರೆದ ಸಣ್ಣ ತೂತಿನಿಂದ ರಸವನ್ನು ಹೊರಕ್ಕೆ ನೂಕುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ಭಾಗದವರೆಗೆ ನಾಲ್ಕಾರು ವಾರಗಳ ಸುಗ್ಗಿಯಷ್ಟೆ. ರಸದಲ್ಲಿ ಸಕ್ಕರೆ ನೂರಕ್ಕೆ ಸುಮಾರು 2 ಪಾಲು. 40 ಲೀಟರು ರಸ ಬತ್ತಿದರೆ 1 ಲೀಟರು ಪಾಕ. ಕುದಿಯುವ ನೀರಿಗಿಂತ ಸುಮಾರು 4 ಡಿಗ್ರಿ ಸೆಂಟಿಗ್ರೇಡ್ ಹೆಚ್ಚು ಕಾವು ಬಂದಾಗ ಹದ. ಕಡಿಮೆಯಾದರೆ ಪಾಕ ಕೆಡುತ್ತದೆ, ಮೀರಿದರೆ ಹರಳುಗಟ್ಟುತ್ತದೆ.

ಮರದ ಮೊಗ್ಗು ಉಬ್ಬತೊಡಗಿತೆಂದರೆ ರಸದ ರುಚಿ ಕೆಟ್ಟಿತು. ಇನ್ನೊಂದು ವಾರ ನಡೆಸೋಣವೆಂಬ ಆಸೆ ಸಹಜವೇ. ಆದರೆ ಆ ಪಾಕಕ್ಕೆ ಒಳ್ಳೆಯ ಬೆಲೆ ಬಾರದು, ಸುಟ್ಟ ಸೌದೆ ದಂಡ. ಇತ್ತ ಹಿಮ ಕರಗಿದ ಕೂಡಲೇ ಗುದ್ದಲಿ ಹಿಡಿಯುವುದೂ ಸಲ್ಲದು. ಕೆಸರನ್ನು ಅಗೆದರೆ ಹೆಂಟೆಗಟ್ಟಿ ಬೆಳೆಗಾಲವೆಲ್ಲ ಕಾಡುತ್ತದೆ. ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ಬೆರಳಿನಿಂದ ತಟ್ಟಬೇಕು: ಉಂಡೆ ಉದುರಿದರೆ ಹದ, ಅಂಟಿಕೊಂಡೇ ಇದ್ದರೆ ಕಾಯಬೇಕು. ಪಾಕಕ್ಕೂ ನೆಲಕ್ಕೂ ನಮ್ಮ ಭಾಷೆ ಒಂದೇ ಮಾತನ್ನು ಇಟ್ಟುಕೊಂಡಿದೆ ನೋಡಿ.

ಹದ ಬಂದೊಡನೆ ಬಟಾಣಿ, ಪಾಲಕ್, ಮೂಲಂಗಿ ಬಿತ್ತುತ್ತಾರೆ. ಮಣ್ಣಿನ ಕಾವು 5 ಡಿಗ್ರಿಯಷ್ಟೇ ಇದ್ದರೂ ಬಟಾಣಿ ನಿಧಾನವಾಗಿ ಮೊಳೆಯುತ್ತದೆ. ಟೊಮೇಟೊ ಹಾಗಲ್ಲ. ವರ್ಮಾಂಟಿನಲ್ಲಿ ಮೇ ತಿಂಗಳಲ್ಲಿಯೂ ಗಿಡ ಸಾಯುವಷ್ಟು ಚಳಿಯ ರಾತ್ರಿಗಳು ಬರುತ್ತವೆ. ಆದ್ದರಿಂದ ಅದರ ಬೀಜವನ್ನು ಆರೆಂಟು ವಾರ ಮೊದಲೇ ಮನೆಯೊಳಗೆ ಕಿಟಕಿಯ ಬಳಿ ಬಿತ್ತಬೇಕು. ಅಂದರೆ ಒಂದು ಕೈ ಇನ್ನೂ ಪಾಕದ ಒಲೆಯ ಮೇಲಿರುವಾಗಲೇ.

ಈ ಎರಡು ಕೆಲಸಗಳನ್ನು ನಂಬಿ ಬದುಕಿದವರು ಹೆಲೆನ್ ಮತ್ತು ಸ್ಕಾಟ್ ನಿಯರಿಂಗ್. 1932ರಲ್ಲಿ ನ್ಯೂಯಾರ್ಕ್ ನಗರ ಬಿಟ್ಟು ವರ್ಮಾಂಟಿನ ಬೆಟ್ಟದ ಜಮೀನಿಗೆ ಹೋದರು. 1952ರಲ್ಲಿ ಮೇನ್ ಸಂಸ್ಥಾನಕ್ಕೆ ತೆರಳಿದರು. ಪಾಕ ಮಾರಿದ ಹಣ ತೆರಿಗೆ ಮೊದಲಾದುವಕ್ಕೆ, ತೋಟದ ಬೆಳೆ ಊಟಕ್ಕೆ ಎಂಬುದು ಅವರ ಲೆಕ್ಕ. ತಿಂಗಳ ಕೊನೆಯಲ್ಲಿ ತರಕಾರಿಯ ಖರ್ಚು ಎಣಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಲೆಯ ಬೂದಿಯನ್ನೂ ಚೆಲ್ಲುವುದಿಲ್ಲ. ಅದರಲ್ಲಿ ಪೊಟ್ಯಾಷ್, ಸುಣ್ಣದ ಅಂಶಗಳುಂಟು. ಹುಳಿ ಮಣ್ಣಿಗೆ ತೆಳ್ಳಗೆ ಎರಚುತ್ತಾರೆ. ಆಲೂಗಡ್ಡೆಯ ಮಡಿಗೆ ಮಾತ್ರ ಹಾಕಬಾರದು, ಗಡ್ಡೆಯ ಸಿಪ್ಪೆಗೆ ಕಜ್ಜಿರೋಗ ಹೆಚ್ಚುತ್ತದೆ.