ಚೆರ್ರಿಯ ಹೆಸರಿನಲ್ಲಿ ಮಾರಾಟವಾಗುವ ಕವಳೆ

ಬೇಕರಿಯ ಕೇಕು, ಬನ್ನು ಮತ್ತು ಸಿಹಿ ಬೀಡಾಗಳ ಮೇಲೆ ಕಾಣುವ ಕೆಂಪು ‘ಚೆರ್ರಿ’ ಬಹಳಷ್ಟು ಸಲ ಚೆರ್ರಿಯೇ ಅಲ್ಲ. ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ ಕವಳೆಕಾಯಿ ಅದು. ಕರಾವಳಿಯಲ್ಲಿ ಕರಂಡೆ, ಹಿಂದಿಯಲ್ಲಿ ಕರೋಂದಾ ಎನಿಸಿಕೊಳ್ಳುವ ಈ ಮುಳ್ಳುಪೊದೆಯ ಸಸ್ಯಶಾಸ್ತ್ರೀಯ ನಾಮ ಕ್ಯಾರಿಸ್ಸಾ ಕರಂಡಾಸ್. ಜಂಬಿಟ್ಟಿಗೆಯ ಒಣನೆಲದಲ್ಲಿಯೂ ಬೆಳೆಯುವುದರಿಂದ ರೈತರು ಇದನ್ನು ಬೇಲಿಯ ಗಿಡವೆಂದು ಬಲ್ಲರೇ ಹೊರತು ಬೆಳೆಯೆಂದು ಎಣಿಸಿದವರು ಕಡಿಮೆ.

ಮನೆಬಳಕೆಯಲ್ಲಿ ಇದರ ಸ್ಥಾನ ಹಳೆಯದು. ಎಳೆಯ ಕಾಯಿಯನ್ನು ಮಾವಿನ ಮಿಡಿಯಂತೆ ಉಪ್ಪಿನಲ್ಲಿಟ್ಟು ಉಪ್ಪಿನಕಾಯಿ ಹಾಕುತ್ತಾರೆ. ಚಟ್ನಿ, ಗೊಜ್ಜುಗಳಿಗೆ ಹುಳಿಯಾಗಿ ಬಳಸುತ್ತಾರೆ. ಕಿತ್ತ ಕಾಯಿಯಿಂದ ಹಾಲಿನಂಥ ಸೊನೆ ಸೋರುವುದರಿಂದ ಚೆನ್ನಾಗಿ ತೊಳೆಯುವುದು ಅವಶ್ಯಕ. ಪೂರ್ಣ ಮಾಗದ ಕಾಯಿಯಲ್ಲಿ ಪೆಕ್ಟಿನ್ ಅಂಶ ಹೇರಳವಾಗಿರುವ ಕಾರಣ ಜೆಲ್ಲಿ ಸುಲಭವಾಗಿ ಗಟ್ಟಿಯಾಗುತ್ತದೆ. ಕಪ್ಪಾಗಿ ಮಾಗಿದ ಹಣ್ಣು ಷರಬತ್ತಿಗೆ ಯೋಗ್ಯ.

ಉದ್ದಿಮೆಯ ಲಾಭವಿರುವುದು ಮಾತ್ರ ಪಾಕದ ಕವಳೆಯಲ್ಲಿ. ಕಾಯಿಯನ್ನು ಉಪ್ಪುನೀರಿನಲ್ಲಿಟ್ಟು ಹುಳಿ ಮತ್ತು ಒಗರನ್ನು ತಗ್ಗಿಸಿ, ಬೀಜ ತೆಗೆದು, ಬೇಯಿಸಿ, ಬಣ್ಣ ಕಟ್ಟಿ, ದಿನದಿಂದ ದಿನಕ್ಕೆ ಪಾಕದ ಸಾಂದ್ರತೆ ಏರಿಸಲಾಗುತ್ತದೆ. ಆತುರಪಟ್ಟು ಮೊದಲೇ ಗಟ್ಟಿ ಪಾಕಕ್ಕೆ ಹಾಕಿದರೆ ಕಾಯಿ ಸುಕ್ಕುಗಟ್ಟುತ್ತದೆ. ಇದಕ್ಕೆ ರೂಢಿಯಲ್ಲಿರುವ ಬಣ್ಣ ಎರಿಥ್ರೋಸಿನ್. ಹುಳಿಯಲ್ಲಿ ಕರಗದೆ ಉಳಿಯುವ ಗುಣದಿಂದ ಅದು ಅಕ್ಕಪಕ್ಕದ ಹಣ್ಣುಗಳಿಗೆ ಹರಡುವುದಿಲ್ಲ.

ತೊಡಕು ಇರುವುದೂ ಇಲ್ಲಿಯೇ. ಭಾರತದಲ್ಲಿ ಮಿತಿಗೊಳಪಟ್ಟು ಬಳಸಬಹುದಾದ ಈ ಬಣ್ಣಕ್ಕೆ ಆಹಾರದಲ್ಲಿ ನೀಡಿದ್ದ ಅನುಮತಿಯನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಜನವರಿಯಲ್ಲಿ ಹಿಂಪಡೆಯಿತು. ತಯಾರಕರಿಗೆ ಕೊಟ್ಟ ಗಡುವು 2027ರ ಜನವರಿ. ಆ ದೇಶಕ್ಕೆ ಮಿಠಾಯಿ, ಬಿಸ್ಕತ್ತು ಕಳುಹಿಸುವವರು ತಮ್ಮ ‘ಚೆರ್ರಿ’ಯ ಬಣ್ಣ ಯಾವುದೆಂದು ಈಗಲೇ ವಿಚಾರಿಸಿಕೊಳ್ಳುವುದು ಕ್ಷೇಮ. ಹೆಸರಿನ ಪ್ರಶ್ನೆಯೂ ಸಣ್ಣದಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು ಒಂದು ಪದಾರ್ಥವನ್ನು ಮತ್ತೊಂದರ ಹೆಸರಿನಲ್ಲಿ ಮಾರುವುದನ್ನು ಒಪ್ಪುವುದಿಲ್ಲ.

ಮುರುಗಲು ಸಿಪ್ಪೆಯ ಕೆಂಪು ಒಂದು ಪರ್ಯಾಯವಾಗಬಲ್ಲದು. ಹುಳಿಯಲ್ಲಿ ಅದು ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ಬಿಸಿಗೆ ಮತ್ತು ಬೆಳಕಿಗೆ ಮಾಸುತ್ತದೆಯಾದ್ದರಿಂದ ಗಾಜಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರುವ ಸರಕಿಗೆ ಒಗ್ಗದು. ಅಪಾರದರ್ಶಕ ಪೊಟ್ಟಣದಲ್ಲಿ, ‘ಪಾಕದ ಕವಳೆ’ ಎಂಬ ಸ್ವಂತ ಹೆಸರಿನಲ್ಲಿಯೇ ಮಾರುವುದು ಹೆಚ್ಚು ಜಾಣತನದ ದಾರಿಯೆನ್ನಬಹುದು.

ಪೂರೈಕೆಯ ವಿಷಯ. ಪಶ್ಚಿಮ ಘಟ್ಟದಲ್ಲಿ ಹಣ್ಣಿನ ಕಾಲ ಬೇಸಿಗೆಯ ಕೆಲವೇ ವಾರ. ಮಳೆ ಹಿಡಿದರೆ ಮುಗಿಯಿತು. ಮಾಗಿದ ಹಣ್ಣು ಬಹು ದಿನ ತಾಳದು. ಕೊಯ್ಲಿನ ಊರಿನಲ್ಲಿಯೇ ಕಾಯಿಯನ್ನು ಉಪ್ಪುನೀರಿಗೆ ಹಾಕಿ ಪೀಪಾಯಿಗಳಲ್ಲಿ ತುಂಬಿಟ್ಟರೆ ಕಾರ್ಖಾನೆಗೆ ವರ್ಷವಿಡೀ ಕೆಲಸ. ಕೊಯ್ದವರೂ ಸಂಜೆಯೊಳಗೆ ಬಂದ ಬೆಲೆಗೆ ಮಾರಲೇಬೇಕಾದ ಇಕ್ಕಟ್ಟಿನಿಂದ ಪಾರಾಗುತ್ತಾರೆ. ತೋಟವಾಗಿಯೇ ಬೆಳೆಸಬಯಸುವವರಿಗೆ ದಾಪೋಲಿಯ ಕೃಷಿ ವಿದ್ಯಾಪೀಠದ ‘ಕೊಂಕಣ ಬೋಲ್ಡ್’, ಪಂತನಗರದ ‘ಪಂತ್ ಸುದರ್ಶನ್’ ತಳಿಗಳಿವೆ.